ದೀಪದ ಕೆಳಗಿನ ತಟ್ಟೆ

ಪೀಣ್ಯದ ಮಕ್ಕಳಿಗೆ ವೆಲ್ಡಿಂಗ್ ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ನನ್ನ ತರಗತಿಯ ಅರ್ಧಕ್ಕರ್ಧ ಮಂದಿಯ ಮನೆಯಲ್ಲಿ ಒಬ್ಬರಾದರೂ ಲೇತಿನ ಮುಂದೆಯೋ, ಪ್ಲೇಟಿಂಗ್ ತೊಟ್ಟಿಯ ಪಕ್ಕದಲ್ಲೋ ದುಡಿಯುವವರು. ‘ರೀವರ್ಕ್’, ‘ರಿಜೆಕ್ಷನ್’, ‘ಇನ್‌ಸ್ಪೆಕ್ಷನ್’ ಎಂಬ ಮಾತುಗಳು ಅವರಿಗೆ ಊಟದ ಹೊತ್ತಿನ ಮಾತುಗಳು. ಆದರೆ ಇದೇ ಪೀಣ್ಯದಲ್ಲಿ ಡಿಎನ್‌ಎ ಬೆಸೆಯುವ ಸಾಮಾನನ್ನೂ ಮಾರುತ್ತಿದ್ದರು ಎಂದರೆ ಮಾತ್ರ ಹುಬ್ಬೇರಿಸುತ್ತಾರೆ. 1989ರಲ್ಲಿ ಶುರುವಾದ ಬ್ಯಾಂಗಲೋರ್ ಜೀನೈ ಎಂಬ ಕಂಪನಿ, ಜೀವಶಾಸ್ತ್ರದ ಲ್ಯಾಬ್‌ಗಳಿಗೆ ಬೇಕಾದ ಕಿಣ್ವಗಳನ್ನು ಇಲ್ಲಿಂದಲೇ ದೇಶಕ್ಕೆಲ್ಲ ಕಳಿಸುತ್ತಿತ್ತು. ಡಿಎನ್‌ಎ ಕತ್ತರಿಸುವ ಕಿಣ್ವ, ನಕಲು ಮಾಡುವ ಕಿಣ್ವ, ತುಂಡುಗಳನ್ನು ಬೆಸೆಯುವ ಲೈಗೇಸ್ ಎಂಬ ಕಿಣ್ವ. ಬೆರಳಿನ ಅರ್ಧದಷ್ಟಿರುವ ಪ್ಲಾಸ್ಟಿಕ್ ಟ್ಯೂಬು, ತಳದಲ್ಲಿ ನಾಲ್ಕು ಹನಿ, ಸುತ್ತ ಐಸು. ಮೈನಸ್ 20 ಡಿಗ್ರಿಯಲ್ಲಿ ಇಡಬೇಕು.

ಆ ನಾಲ್ಕು ಹನಿಯಿಂದಲೇ ನನ್ನ ಪಾಠ ಆರಂಭ. ಲೈಗೇಸನ್ನು ಯಾವ ಎಂಜಿನಿಯರೂ ವಿನ್ಯಾಸ ಮಾಡಿದ್ದಲ್ಲ. ಬ್ಯಾಕ್ಟೀರಿಯಾದಲ್ಲಿ, ಮತ್ತು ಬ್ಯಾಕ್ಟೀರಿಯಾವನ್ನು ಕಾಡುವ ವೈರಸ್‌ಗಳಲ್ಲಿ ಅದು ಮೊದಲೇ ಇತ್ತು. 1967ರಲ್ಲಿ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೆಗೆದರು, ಅಷ್ಟೆ. ಹಾಗಾದರೆ ಬ್ಯಾಕ್ಟೀರಿಯಾಕ್ಕೆ ಬೆಸುಗೆಯ ಸಾಮಾನು ಯಾಕೆ ಬೇಕಾಗಿತ್ತು? ಅದರೊಳಗೆ ಅಷ್ಟೊಂದು ಮುರಿಯುವುದು ಏನಿದೆ?

ಮುರಿಯುವುದು ಡಿಎನ್‌ಎ. ಹೊಸಬರಿಗಾಗಿ ಒಂದು ನಿಮಿಷ ನಿಧಾನವಾಗಿ ಹೇಳುತ್ತೇನೆ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗ. ಅದರೊಳಗೆ ಮಡಿಸಿಟ್ಟಿರುವ ಡಿಎನ್‌ಎ ದಾರವನ್ನು ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು. ದಾರಕ್ಕೆ ಎರಡು ಎಳೆ. ಎಳೆಗಳ ಮೇಲೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನದರಲ್ಲಿ ಟಿ, ಜಿ ಇದ್ದರೆ ಎದುರು ಸಿ. ಇಂಥ ಜೋಡಿಗಳು ಇ. ಕೋಲಿಯಲ್ಲಿ ಸುಮಾರು 46 ಲಕ್ಷ. ಈ ‘ಎದುರಿಗೆ ಜೋಡಿ ಇದೆ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದೆ ಹೇಳುವ ರಿಪೇರಿಗಳಲ್ಲಿ ಬಹುಪಾಲು ನಿಂತಿರುವುದು ಇದರ ಮೇಲೆ. ಒಂದು ಎಳೆ ಕೆಟ್ಟರೆ ಇನ್ನೊಂದನ್ನು ನೋಡಿಕೊಂಡು ಬರೆಯಬಹುದು.

ಇನ್ನು ಪುಸ್ತಕ ಮುಚ್ಚಿ. ತಟ್ಟೆ ತೋರಿಸುತ್ತೇನೆ.

ಅಗರ್ ಹಾಕಿದ ಗಾಜಿನ ತಟ್ಟೆಯ ಮೇಲೆ ಕಾಲೇಜು ಲ್ಯಾಬ್‌ಗಳಲ್ಲಿ ಬಳಸುವ ನಿರುಪದ್ರವಿ ಇ. ಕೋಲಿಯನ್ನು ತೆಳ್ಳಗೆ ಸವರುತ್ತೇವೆ. ಅರ್ಧ ತಟ್ಟೆಗೆ ಕಪ್ಪು ಕಾಗದ ಮುಚ್ಚಿ, ಕೆಲವು ಸೆಕೆಂಡು ಯುವಿ ದೀಪದ ಕೆಳಗಿಡುತ್ತೇವೆ. ದೀಪ ಯಾವುದೆಂದರೆ ಅಡುಗೆಮನೆಯ ನೀರಿನ ಫಿಲ್ಟರಿನಲ್ಲಿರುವ ಜಾತಿಯದೇ, 254 ನ್ಯಾನೋಮೀಟರ್ ತರಂಗಾಂತರದ್ದು. ದೀಪವಿರುವುದು ಮುಚ್ಚಿದ ಪೆಟ್ಟಿಗೆಯೊಳಗೆ. ಮಕ್ಕಳ ಕಣ್ಣಿಗೆ, ಚರ್ಮಕ್ಕೆ ಆ ಬೆಳಕು ತಾಗಕೂಡದು. ಮೊದಲ ವರ್ಷ ನಾನೇ ಒಂದು ಎಡವಟ್ಟು ಮಾಡಿದ್ದೆ. ತಟ್ಟೆಯ ಮುಚ್ಚಳ ತೆಗೆಯುವುದನ್ನು ಮರೆತು ದೀಪ ಹೊತ್ತಿಸಿದ್ದೆ. ಮರುದಿನ ಎರಡೂ ಅರ್ಧಗಳಲ್ಲಿ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆದಿತ್ತು. ಈ ಜಾತಿಯ ಯುವಿಯನ್ನು ಮಾಮೂಲಿ ಗಾಜು, ಪ್ಲಾಸ್ಟಿಕ್ ಎರಡೂ ತಡೆದುಬಿಡುತ್ತವೆ. ನಾಚಿಕೆಯಾದರೂ ಆ ತಟ್ಟೆಯನ್ನು ಈಗಲೂ ಪ್ರತಿ ಬ್ಯಾಚಿಗೂ ಬೇಕಂತಲೇ ಮಾಡಿ ತೋರಿಸುತ್ತೇನೆ.

ಮುಚ್ಚಳ ತೆಗೆದು ಮಾಡಿದಾಗ ಮರುದಿನ ಕಾಣುವುದೇ ಬೇರೆ. ಕಾಗದದ ಕೆಳಗಿದ್ದ ಅರ್ಧದಲ್ಲಿ ಕೆನೆ ಹಾಸಿದ ಹಾಗೆ ಬೆಳವಣಿಗೆ. ಬೆಳಕು ಬಿದ್ದ ಅರ್ಧ ಹೆಚ್ಚುಕಡಿಮೆ ಖಾಲಿ, ಅಲ್ಲೊಂದು ಇಲ್ಲೊಂದು ಚುಕ್ಕೆ. ಯುವಿ ಅಲ್ಲಿ ಮಾಡಿದ್ದು ಇಷ್ಟೆ: ಒಂದೇ ಎಳೆಯಲ್ಲಿ ಅಕ್ಕಪಕ್ಕ ಕೂತ ಎರಡು ಟಿ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದೆ. ನಕಲು ಮಾಡುವ ಯಂತ್ರ ಆ ಗಂಟಿನ ಹತ್ತಿರ ಬಂದು ಸಿಕ್ಕಿಕೊಳ್ಳುತ್ತದೆ. ಗಂಟುಗಳು ಒಂದು ಮಿತಿ ಮೀರಿದರೆ ಜೀವಕೋಶ ಮತ್ತೆ ಇಬ್ಭಾಗವಾಗುವುದಿಲ್ಲ, ತಟ್ಟೆಯಲ್ಲಿ ಚುಕ್ಕೆ ಕಾಣುವುದಿಲ್ಲ.

ಎರಡನೆಯ ಆಟ ಇದಕ್ಕಿಂತ ಮಜವಾದದ್ದು. ಒಂದೇ ಹೊತ್ತು ಯುವಿ ತಿಂದ ಎರಡು ತಟ್ಟೆಗಳು. ಒಂದನ್ನು ಕೂಡಲೇ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕತ್ತಲಲ್ಲಿಡಿ. ಇನ್ನೊಂದನ್ನು ಮುಚ್ಚಳ ಹಾಕಿ ಒಂದರ್ಧ ಗಂಟೆ ಕಿಟಕಿಯ ಬೆಳಕಿನಲ್ಲಿಟ್ಟು, ಆಮೇಲೆ ಕತ್ತಲಿಗೆ ಹಾಕಿ. ಮರುದಿನ ಎಣಿಸಿದರೆ ಬೆಳಕು ಕಂಡ ತಟ್ಟೆಯಲ್ಲಿ ಚುಕ್ಕೆಗಳು ಎಷ್ಟೋ ಹೆಚ್ಚು. ಬೆಳಕಿನಿಂದ ಆದ ಗಾಯ ಬೆಳಕಿನಿಂದಲೇ ವಾಸಿಯಾಗಿದೆ!

1940ರ ದಶಕದ ಕೊನೆಯಲ್ಲಿ ಅಮೆರಿಕದ ಆಲ್ಬರ್ಟ್ ಕೆಲ್ನರ್ ಎಂಬಾತ ಇದೇ ಒಗಟಿನಲ್ಲಿ ಸಿಕ್ಕಿಕೊಂಡಿದ್ದ. ಯುವಿ ಕೊಟ್ಟ ಸೂಕ್ಷ್ಮಜೀವಿಗಳು ಒಂದು ದಿನ ಬದುಕುತ್ತಿದ್ದವು, ಇನ್ನೊಂದು ದಿನ ಸಾಯುತ್ತಿದ್ದವು. ಲೆಕ್ಕ ಕೂಡುತ್ತಿರಲಿಲ್ಲ. ಮೊದಲು ತಾಪಮಾನದ ಮೇಲೆ ಅನುಮಾನಪಟ್ಟ. ಕೊನೆಗೆ ತಪ್ಪಿತಸ್ಥ ಸಿಕ್ಕಿದ್ದು ಕಿಟಕಿಯಲ್ಲಿ. 1949ರಲ್ಲಿ ಅದನ್ನು ಪ್ರಕಟಿಸಿದ. ನೀಲಿ ಬೆಳಕನ್ನು ಹೀರಿ, ಅಂಟಿಕೊಂಡ ಅಕ್ಷರಗಳನ್ನು ಬಿಡಿಸುವ ಫೋಟೊಲಯೇಸ್ ಎಂಬ ಕಿಣ್ವ ಅದರ ಹಿಂದಿತ್ತು ಎಂದು ಆಮೇಲೆ ತಿಳಿಯಿತು. ಆ ಕಿಣ್ವ ನಮಗಿಲ್ಲ. ನಾಯಿ, ಹಸು, ಮನುಷ್ಯರ ಪೂರ್ವಜರು ಅದನ್ನು ಯಾವಾಗಲೋ ಕಳೆದುಕೊಂಡುಬಿಟ್ಟರು.

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಸಂಘದವರಿಗೆ ಈ ತಟ್ಟೆ ತೋರಿಸಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ಅಲ್ಲಿನ ದೊಡ್ಡ ಕಟ್ಟಡಗಳಿಗೆಲ್ಲ ತಮ್ಮದೇ ಎಸ್‌ಟಿಪಿ ಇರುತ್ತದೆ. ಕೊಳಚೆ ನೀರನ್ನು ಶುದ್ಧ ಮಾಡಿ ತೋಟಕ್ಕೆ, ಫ್ಲಶ್ಶಿಗೆ ಬಳಸುತ್ತಾರೆ. ಕೊನೆಯ ಹಂತದಲ್ಲಿ ಕೆಲವೆಡೆ ಕ್ಲೋರಿನ್, ಕೆಲವೆಡೆ ಯುವಿ. ಯುವಿ ದಾಟಿದ ನೀರನ್ನು ತೆರೆದ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟರೆ, ಅರೆಜೀವವಾಗಿದ್ದ ಬ್ಯಾಕ್ಟೀರಿಯಾದಲ್ಲಿ ಒಂದಷ್ಟು ಎದ್ದು ಕೂರುತ್ತದೆ. ನೀರಿನ ಎಂಜಿನಿಯರುಗಳಿಗೆ ಇದು ಗೊತ್ತಿರುವ ತಲೆನೋವೇ. ಯುವಿಯ ಪ್ರಮಾಣ ಸಾಕಷ್ಟಿರಬೇಕು, ತೊಟ್ಟಿಗೆ ಮುಚ್ಚಳವಿರಬೇಕು.

ಕತ್ತಲಲ್ಲಿಟ್ಟ ತಟ್ಟೆಯಲ್ಲೂ ಕೆಲವು ಚುಕ್ಕೆಗಳು ಬಂದಿದ್ದವಲ್ಲ? ಅವು ಬದುಕಿದ್ದು ಇನ್ನೊಂದು ದಾರಿಯಿಂದ. ಅದು ಪೀಣ್ಯದ ಮಕ್ಕಳಿಗೆ ಥಟ್ಟನೆ ಅರ್ಥವಾಗುವ ದಾರಿ: ಕೆಟ್ಟ ಭಾಗವನ್ನು ಕೊರೆದು ತೆಗೆದು ಹೊಸದು ಹಾಕುವುದು. ಯುವಿಆರ್‌ಎ, ಯುವಿಆರ್‌ಬಿ ಎಂಬ ಪ್ರೋಟೀನುಗಳು ದಾರದ ಉದ್ದಕ್ಕೂ ಓಡಾಡುತ್ತ ಎಲ್ಲಿ ಉಬ್ಬಿದೆ, ಎಲ್ಲಿ ಸೊಟ್ಟಗಾಗಿದೆ ಎಂದು ನೋಡುತ್ತವೆ. ಯುವಿಆರ್‌ಸಿ ಬಂದು ಗಂಟಿನ ಎರಡೂ ಕಡೆ ಕತ್ತರಿ ಹಾಕುತ್ತದೆ. ಹನ್ನೆರಡು ಹದಿಮೂರು ಅಕ್ಷರಗಳ ತುಂಡು ಕಳಚಿ ಬೀಳುತ್ತದೆ. ಎದುರಿನ ಎಳೆ ನೋಡಿಕೊಂಡು ಪಾಲಿಮರೇಸ್ ಎಂಬ ನಕಲು ಮಾಡುವ ಕಿಣ್ವ ಆ ಖಾಲಿ ಜಾಗ ತುಂಬುತ್ತದೆ. ಉಳಿದ ಒಂದು ಸಣ್ಣ ಬಿರುಕಿಗೆ ಬೆಸುಗೆ ಹಾಕುವವನೇ ನಾವು ಐಸಿನಲ್ಲಿಟ್ಟಿದ್ದ ಲೈಗೇಸ್. ಫೋಟೊಲಯೇಸ್, ಈ ಕತ್ತರಿ, ಎರಡನ್ನೂ ಬಿಡಿಸಿ ನೋಡಿದ ತುರ್ಕಿಯ ಅಜೀಜ್ ಸಂಜಾರ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಜೊತೆಗೆ ಸ್ವೀಡನ್ನಿನ ಟೊಮಾಸ್ ಲಿಂಡಾಲ್, ಅಮೆರಿಕದ ಪಾಲ್ ಮಾಡ್ರಿಚ್. ಮೂವರ ಕೆಲಸದ ಬುಡದಲ್ಲೂ ಇರುವುದು ಇ. ಕೋಲಿಯೇ.

ಇಷ್ಟು ಹೇಳಿದ ಮೇಲೆ ಮಕ್ಕಳು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ: ಹೊರಗಿನಿಂದ ಏಟು ಬಿದ್ದರೆ ಮಾತ್ರ ಡಿಎನ್‌ಎ ಕೆಡುತ್ತದೆ ಎಂದು. ಹಾಗಲ್ಲ. ಡಿಎನ್‌ಎ ಸುಮ್ಮನೆ ನೀರಿನಲ್ಲಿದ್ದರೂ ಕೆಡುತ್ತದೆ. ಸಿ ಅಕ್ಷರ ತಾನಾಗಿಯೇ ಆಗೊಮ್ಮೆ ಈಗೊಮ್ಮೆ ಯು, ಅಂದರೆ ಯುರಾಸಿಲ್ ಆಗಿಬಿಡುತ್ತದೆ. ಹಾಗೇ ಬಿಟ್ಟರೆ ಮುಂದಿನ ನಕಲಿನಲ್ಲಿ ತಪ್ಪು ಅಕ್ಷರ ಕೂರುತ್ತದೆ. 1974ರಲ್ಲಿ ಲಿಂಡಾಲ್ ಇ. ಕೋಲಿಯಲ್ಲಿ ಕಂಡದ್ದು ಈ ಯುರಾಸಿಲನ್ನು ಹುಡುಕಿ ಕಿತ್ತುಹಾಕುವ ಕಿಣ್ವವನ್ನು. ಆರ್‌ಎನ್‌ಎಯಲ್ಲಿ ಯು ಇರುವಾಗ ಡಿಎನ್‌ಎಯಲ್ಲಿ ಮಾತ್ರ ಟಿ ಯಾಕೆ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ನಾನು ಕೊಡುವ ಉತ್ತರ ಇದೇ: ಡಿಎನ್‌ಎಯಲ್ಲಿ ಯು ಇರಲೇಬಾರದು ಎಂದಿದ್ದರೆ, ಕಂಡ ಯು ಎಲ್ಲವೂ ಕೆಟ್ಟದ್ದೇ ಎಂದು ಕಣ್ಣುಮುಚ್ಚಿ ತೆಗೆಯಬಹುದು. ಯೂನಿಫಾರಂ ಇರುವ ಕಂಪನಿಯಲ್ಲಿ ಹೊರಗಿನವನನ್ನು ಗೇಟಿನಲ್ಲೇ ಹಿಡಿಯುವ ಹಾಗೆ.

ಈ ಯುರಾಸಿಲ್ ಬೇಟೆಯ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆದ ಜಾಗ ನಮ್ಮಿಂದ ದೂರವೇನಿಲ್ಲ. ತುಮಕೂರು ರಸ್ತೆಯಲ್ಲಿ ಯಶವಂತಪುರ ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಉಮೇಶ್ ವಾರ್ಷ್ಣೇಯ ಅವರ ಲ್ಯಾಬ್ ಹಿಡಿದುಕೊಂಡದ್ದು ಕ್ಷಯದ ಬ್ಯಾಕ್ಟೀರಿಯಾದ ಬಳಗವನ್ನು. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ನೂರಕ್ಕೆ ಸುಮಾರು 65 ಅಕ್ಷರ ಜಿ ಅಥವಾ ಸಿ. ಸಿ ಹೆಚ್ಚಿದ್ದಷ್ಟೂ ಯು ಆಗುವ ಅಪಾಯ ಹೆಚ್ಚು. ಮೇಲಾಗಿ ಅದು ಅಡಗಿ ಕೂರುವುದು ನಮ್ಮ ದೇಹದ ಕಾವಲು ಕೋಶಗಳ ಒಳಗೆ. ಆ ಕೋಶಗಳು ಅದರ ಮೇಲೆ ಡಿಎನ್‌ಎ ಕೆಡಿಸುವ ರಾಸಾಯನಿಕಗಳನ್ನೇ ಸುರಿಯುತ್ತವೆ. ಕ್ಷಯದ್ದೇ ಬಳಗದ, ಆದರೆ ರೋಗ ತರದ ಒಂದು ಬ್ಯಾಕ್ಟೀರಿಯಾದಲ್ಲಿ ಯುರಾಸಿಲ್ ಕೀಳುವ ಕಿಣ್ವವನ್ನು ತೆಗೆದುಹಾಕಿದಾಗ, ಅದರಲ್ಲಿ ತಪ್ಪುಗಳು ಹೆಚ್ಚಿದವು ಮತ್ತು ಇಲಿಯ ಕಾವಲು ಕೋಶದೊಳಗೆ ಅದು ಹೆಚ್ಚು ಹೊತ್ತು ತಾಳಲಿಲ್ಲ ಎಂದು ಈ ತಂಡ 2003ರಲ್ಲಿ ತೋರಿಸಿತು.

ಗಮನಿಸಿ, ಈ ವಿದ್ಯೆಯ ಮುಖ್ಯ ವಿಧಾನವೇ ಇದು. ಒಂದು ಸಾಮಾನನ್ನು ಕಳಚಿ ಪಕ್ಕಕ್ಕಿಡು, ಗಾಡಿ ಎಲ್ಲಿ ನಿಲ್ಲುತ್ತದೆ ನೋಡು. ಎಲ್ಲೂ ನಿಲ್ಲದಿದ್ದರೆ ಆ ಕೆಲಸ ಮಾಡುವ ಇನ್ನೊಂದು ಸಾಮಾನು ಎಲ್ಲೋ ಇದೆ ಎಂದರ್ಥ.

ಮೂರನೆಯ ಜಾತಿಯ ಕೆಡುಕು ಕೆಲಸದ ಅವಸರದಲ್ಲಿ ಆಗುವುದು. ನಕಲು ಯಂತ್ರ ಸೆಕೆಂಡಿಗೆ ಸುಮಾರು ಸಾವಿರ ಅಕ್ಷರ ಬರೆಯುತ್ತದೆ. ಲಕ್ಷಕ್ಕೊಂದು ತಪ್ಪುತ್ತದೆ. ಅದರಲ್ಲಿ ಬಹುಪಾಲನ್ನು ತಾನೇ ಹಿಂದೆ ಸರಿದು ಅಳಿಸುತ್ತದೆ. ಕೈತಪ್ಪಿ ಹೋದದ್ದನ್ನು ಹಿಡಿಯಲು ಮ್ಯೂಟ್‌ಎಸ್, ಮ್ಯೂಟ್‌ಎಲ್ ಎಂಬ ಇನ್‌ಸ್ಪೆಕ್ಟರುಗಳು ಹಿಂದಿನಿಂದಲೇ ಬರುತ್ತವೆ. ಜೋಡಿ ತಪ್ಪಿದೆ ಸರಿ. ಆದರೆ ಎರಡರಲ್ಲಿ ಸರಿಯಾದದ್ದು ಯಾವುದು? ಇ. ಕೋಲಿಯಲ್ಲಿ ಹಳೆಯ ಎಳೆಗೆ ಮೀಥೈಲ್ ಎಂಬ ಗುರುತು ಇರುತ್ತದೆ, ಹೊಸ ಎಳೆಗೆ ಆ ಗುರುತು ಬೀಳುವುದು ಸ್ವಲ್ಪ ತಡವಾಗಿ. ಮ್ಯೂಟ್‌ಎಚ್ ಎಂಬ ಮೂರನೆಯವನು ಗುರುತಿಲ್ಲದ ಎಳೆಯನ್ನೇ ಕತ್ತರಿಸುತ್ತಾನೆ. ಕಡೆಗೆ ಉಳಿಯುವ ತಪ್ಪು ನೂರು ಕೋಟಿಗೆ ಒಂದು, ಅದಕ್ಕಿಂತಲೂ ಕಡಿಮೆ. ಎಲ್ಲ ಬ್ಯಾಕ್ಟೀರಿಯಾದಲ್ಲೂ ಮ್ಯೂಟ್‌ಎಚ್ ಇಲ್ಲ. ಗೊನೊರಿಯಾ ತರುವ ಬ್ಯಾಕ್ಟೀರಿಯಾದಲ್ಲಿ ಮ್ಯೂಟ್‌ಎಲ್ ತಾನೇ ಕತ್ತರಿ ಹಿಡಿಯುತ್ತದೆ ಎಂಬುದನ್ನು ವಿಜ್ಞಾನ ಸಂಸ್ಥೆಯ ದೇಶಿರಾಜು ಎನ್. ರಾವ್ ಅವರ ಗುಂಪು ಜರ್ಮನಿಯ ಜೊತೆಗಾರರೊಂದಿಗೆ 2009ರಲ್ಲಿ ವಿವರಿಸಿತು.

ಕ್ಷಯದ ಬ್ಯಾಕ್ಟೀರಿಯಾದ ಕತೆ ಇಲ್ಲೂ ವಿಚಿತ್ರ. 1998ರಲ್ಲಿ ಅದರ 44 ಲಕ್ಷ ಅಕ್ಷರಗಳನ್ನು ಪೂರ್ತಿ ಓದಿ ಕಂಪ್ಯೂಟರಿಗೆ ಹಾಕಿದಾಗ ಮ್ಯೂಟ್‌ಎಸ್ ಇಲ್ಲ, ಮ್ಯೂಟ್‌ಎಲ್ ಕೂಡ ಇಲ್ಲ! ಆದರೂ ಅದರ ತಪ್ಪುಗಳ ಲೆಕ್ಕ ಮಿತಿಯಲ್ಲೇ ಇತ್ತು. ಕಾರಣ ಸಿಗಲು 2017 ಬೇಕಾಯಿತು: ನ್ಯೂಕ್‌ಎಸ್ ಎಂಬ ಬೇರೆಯದೇ ಕಿಣ್ವ ಆ ಕೆಲಸ ಮಾಡುತ್ತಿತ್ತು. ಡಿಎನ್‌ಎ ಅಕ್ಷರಗಳ ರಾಶಿಯಲ್ಲಿ ಏನಿದೆ, ಏನಿಲ್ಲ ಎಂದು ಕಂಪ್ಯೂಟರಿನಲ್ಲಿ ಹುಡುಕುವ ಈ ಬಗೆಯ ಕೆಲಸ ಕಲಿಯಬೇಕೆಂದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐಬಿಎಬಿ ಎಂಬ ಸಂಸ್ಥೆ ಇದೆ. ಮೊದಲು ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿತ್ತು. ಕೋಡಿಂಗ್ ಬಿಟ್ಟು ಬೇರೇನೂ ಬೇಡ ಎನ್ನುವ ಮಕ್ಕಳಿಗೆ ನಾನು ಆ ಹೆಸರು ಹೇಳುತ್ತೇನೆ. ಬಯಾಲಜಿ ಬಾಯಿಪಾಠದ ವಿಷಯ ಎಂದು ಅವರ ತಲೆಯಲ್ಲಿ ತುಂಬಿದವರು ನನ್ನಂಥ ಮೇಷ್ಟ್ರುಗಳೇ, ಇರಲಿ.

ಇಲ್ಲಿಯವರೆಗಿನದೆಲ್ಲ ಒಂದು ಎಳೆಯ ಗಾಯ. ಎರಡೂ ಎಳೆ ಒಟ್ಟಿಗೆ ತುಂಡಾದರೆ? ನೋಡಿ ಬರೆಯಲು ಎದುರಿನ ಎಳೆಯೇ ಇಲ್ಲ. ಆಗ ಇರುವ ಮುಖ್ಯ ಆಸರೆ ಎಂದರೆ ಅದೇ ಕೋಶದಲ್ಲಿ ಅಷ್ಟರೊಳಗೆ ನಕಲಾಗಿರುವ ಇನ್ನೊಂದು ಪ್ರತಿ. ತುಂಡಾದ ತುದಿಯ ಮೇಲೆ ರೆಕ್‌ಎ ಎಂಬ ಪ್ರೋಟೀನು ಮಣಿ ಪೋಣಿಸಿದಂತೆ ಸಾಲಾಗಿ ಕೂರುತ್ತದೆ. ಆ ಸಾಲು ಇನ್ನೊಂದು ಪ್ರತಿಯ ಲಕ್ಷಾಂತರ ಅಕ್ಷರಗಳ ನಡುವೆ ತನ್ನ ಜೋಡಿಯನ್ನು ಹುಡುಕಬೇಕು. ರೆಕ್‌ಎಯ ಮೇಲೆ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಅವರು ದಶಕಗಳ ಕಾಲ ಕೆಲಸ ಮಾಡಿದ್ದಾರೆ; ಕ್ಷಯದ ಬ್ಯಾಕ್ಟೀರಿಯಾದ ರೆಕ್‌ಎಯ ಆಕಾರವನ್ನು ಅವರೂ ಎಂ. ವಿಜಯನ್ ಅವರ ತಂಡವೂ ಸೇರಿ 2000ದಲ್ಲಿ ಬಿಡಿಸಿಟ್ಟರು. ಆದರೆ ಬದುಕಿರುವ ಕೋಶದೊಳಗೆ ಈ ಹುಡುಕಾಟ ಹೇಗಿರುತ್ತದೆ?

ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನಲ್ಲಿ ಅಂಜನಾ ಬದ್ರಿನಾರಾಯಣನ್ ಅವರ ತಂಡ ಅದನ್ನು ಕಣ್ಣಾರೆ ನೋಡಿತು. ಸಿಹಿನೀರಿನಲ್ಲಿರುವ ಕಾಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ, ಬೇಕೆಂದ ಜಾಗದಲ್ಲಿ ಡಿಎನ್‌ಎಯನ್ನು ಒಂದೇ ಕಡೆ ತುಂಡು ಮಾಡಿ, ರೆಕ್‌ಎಗೆ ಹೊಳೆಯುವ ಬಣ್ಣದ ಗುರುತು ಕಟ್ಟಿ, ಮೈಕ್ರೋಸ್ಕೋಪಿನಡಿ ಕಾದರು. ರೆಕ್‌ಎಯ ಎಳೆ ಕೋಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ, ತಿರುಗುತ್ತದೆ, ಮತ್ತೆ ಬರುತ್ತದೆ. ಕತ್ತಲಲ್ಲಿ ಟಾರ್ಚು ಹಿಡಿದು ಓಣಿಯುದ್ದ ಮನೆ ನಂಬರು ಹುಡುಕುವವರ ಹಾಗೆ. ಓಡಾಡಿಸುವ ಶಕ್ತಿ ರೆಕ್‌ಎನ್ ಎಂಬ ಇನ್ನೊಂದು ಪ್ರೋಟೀನಿನದು. ಅದನ್ನು ತೆಗೆದರೆ ಈ ಓಡಾಟ ನಿಲ್ಲುತ್ತದೆ. 2022ರಲ್ಲಿ ಬಂದ ಕೆಲಸ ಇದು. ನನ್ನ ಮಕ್ಕಳಿಗೆ ಇದನ್ನು ಹೇಳುವಾಗ ಬೋರ್ಡಿನ ಮೇಲೆ ಚಾಕ್‌ಪೀಸನ್ನು ಆ ಕಡೆ ಈ ಕಡೆ ಎಳೆದು ತೋರಿಸುತ್ತೇನೆ. ಬೋರ್ಡು ಗೀಚಿ ಹಾಳಾಗುತ್ತದೆ, ಪಾಠ ತಲೆಯಲ್ಲಿ ನಿಲ್ಲುತ್ತದೆ.

ನಮ್ಮ ಪೀಣ್ಯದ್ದೇ ಒಂದು ಗಾಯವನ್ನು ಬಿಡುವಂತಿಲ್ಲ. ಕ್ರೋಮಿಯಂ ಪ್ಲೇಟಿಂಗ್ ಶಾಪುಗಳ ದ್ರಾವಣ ವರ್ಷಾನುವರ್ಷ ನೆಲಕ್ಕಿಳಿದು, ಇಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿಕೊಂಡಿದೆ ಎಂಬುದು ಸರ್ಕಾರದ ಪರೀಕ್ಷೆಗಳಲ್ಲೇ ದಾಖಲಾದ ವಿಷಯ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಈ ಕ್ರೋಮೇಟು ನೋಡಲು ಸಲ್ಫೇಟಿನ ಹಾಗಿರುತ್ತದೆ, ಹಾಗಾಗಿ ಜೀವಕೋಶ ಮೋಸಹೋಗಿ ಸಲ್ಫೇಟಿನ ಬಾಗಿಲಲ್ಲೇ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದಮೇಲೆ ಅದು ರೂಪ ಬದಲಿಸಿ ಡಿಎನ್‌ಎಗೆ ಅಂಟುತ್ತದೆ, ಎಳೆಗಳನ್ನು ಒಡೆಯುತ್ತದೆ. ಇಂಥ ನೀರು ಮಣ್ಣಿನಲ್ಲೂ ಬದುಕುವ ಬ್ಯಾಕ್ಟೀರಿಯಾ ಇವೆ. ಕೆಲವು ಕ್ರೋಮೇಟನ್ನು ಪಂಪು ಮಾಡಿ ಹೊರಹಾಕುತ್ತವೆ, ಕೆಲವು ಅದನ್ನು ಅಷ್ಟು ವಿಷವಲ್ಲದ ರೂಪಕ್ಕೆ ತರುತ್ತವೆ, ಜೊತೆಗೆ ರಿಪೇರಿ ಪ್ರೋಟೀನುಗಳೂ ಕೈಹಾಕುತ್ತವೆ. ನಮ್ಮ ಶ್ವಾಸಕೋಶದ ಕೋಶಗಳಿಗೆ ಆ ಪಂಪು ಇಲ್ಲ. ತೊಟ್ಟಿಯ ಪಕ್ಕದಲ್ಲಿ ನಿಲ್ಲುವವರ ಮಕ್ಕಳಿಗೆ ಇದನ್ನು ಹೇಳುವುದು ಸುಲಭವಲ್ಲ, ಆದರೂ ಮಾಸ್ಕಿನ ವಿಷಯ ಹೇಳಿಯೇ ಮುಂದಕ್ಕೆ ಹೋಗುತ್ತೇನೆ.

ಗಾಯ ಕೈಮೀರಿದಾಗ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಮಾಮೂಲಿ ದಿನಗಳಲ್ಲಿ ಲೆಕ್ಸ್‌ಎ ಎಂಬ ಪ್ರೋಟೀನು ನಲವತ್ತರಷ್ಟು ಜೀನುಗಳ ಮೇಲೆ ಬೀಗ ಹಾಕಿಕೊಂಡು ಕೂತಿರುತ್ತದೆ. ಗಾಯ ಹೆಚ್ಚಾಗಿ ರೆಕ್‌ಎಯ ಸಾಲುಗಳು ಉದ್ದವಾದಾಗ ಲೆಕ್ಸ್‌ಎ ತುಂಡಾಗಿ ಬೀಗ ಬಿಚ್ಚುತ್ತದೆ. ಕತ್ತರಿಗಳ ಸಂಖ್ಯೆ ಏರುತ್ತದೆ. ಸುಲ್‌ಎ ಎಂಬ ಬ್ರೇಕು ಬಂದು ಕೋಶ ಇಬ್ಭಾಗವಾಗುವುದನ್ನು ತಡೆಯುತ್ತದೆ. ಬೆಳೆಯುತ್ತಲೇ ಇರುವ ಕೋಶ ಶಾವಿಗೆಯ ಹಾಗೆ ಉದ್ದವಾಗುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಕೊನೆಗೆ ಬರುವುದು ಕಣ್ಣುಮುಚ್ಚಿ ಬರೆಯುವ ಪಾಲಿಮರೇಸುಗಳು. ಎದುರಿನ ಎಳೆಯಲ್ಲಿ ಗಂಟಿದ್ದರೂ ಏನೋ ಒಂದು ಅಕ್ಷರ ಹಾಕಿ ದಾಟಿಬಿಡುತ್ತವೆ. ಡೆಡ್‌ಲೈನಿನ ರಾತ್ರಿ ಹಾಕಿದ ಪ್ಯಾಚು ಎಂದರೆ ಎಲೆಕ್ಟ್ರಾನಿಕ್ ಸಿಟಿಯವರಿಗೆ ಬೇರೆ ವಿವರಣೆ ಬೇಡ. ಈ ಇಡೀ ಏರ್ಪಾಟಿಗೆ 1970ರ ದಶಕದಲ್ಲಿ ಮಿರೊಸ್ಲಾವ್ ರಾಡ್ಮನ್ ಇಟ್ಟ ಹೆಸರು ಎಸ್‌ಒಎಸ್.

ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯ ಏಟು ಬೀಳುವುದೂ ಡಿಎನ್‌ಎಯ ಮೇಲೆಯೇ. ದಾರದ ತಿರುಚು ಬಿಡಿಸುವ ಗೈರೇಸ್ ಎಂಬ ಕಿಣ್ವವನ್ನು ಅದು ಅರ್ಧ ಕೆಲಸದಲ್ಲಿ ಹಿಡಿದು ನಿಲ್ಲಿಸುತ್ತದೆ, ಎರಡೂ ಎಳೆ ತುಂಡಾಗುತ್ತವೆ. ಸಾಯುವಷ್ಟು ಔಷಧ ಸಿಗದ ಬ್ಯಾಕ್ಟೀರಿಯಾದಲ್ಲಿ ಎಸ್‌ಒಎಸ್ ಏಳುತ್ತದೆ. ಅವಸರದಲ್ಲಿ ಬರೆದ ತಪ್ಪು ಅಕ್ಷರಗಳಲ್ಲಿ ಯಾವುದೋ ಒಂದು, ಅದೇ ಔಷಧಕ್ಕೆ ಬಗ್ಗದ ಗೈರೇಸನ್ನು ಕೊಟ್ಟುಬಿಡಬಹುದು. ಲೆಕ್ಸ್‌ಎ ತುಂಡಾಗದಂತೆ ಮಾಡಿದ ಇ. ಕೋಲಿಯಿಂದ ಸೋಂಕು ಕೊಟ್ಟ ಇಲಿಗಳಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಪ್ರತಿರೋಧ ಹುಟ್ಟಲೇ ಇಲ್ಲ ಎಂದು 2005ರ ಒಂದು ಪ್ರಯೋಗ ತೋರಿಸಿತು. ವೈದ್ಯರ ಚೀಟಿಯಿಲ್ಲದೆ ಎರಡು ಮಾತ್ರೆ ನುಂಗುವ ನಮ್ಮ ಚಾಳಿಯ ಬಗ್ಗೆ ಇಲ್ಲಿ ಬೈಯಬೇಕೆನಿಸುತ್ತದೆ. ಆ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಹೋದ ವಾರ ಗಂಟೆ ಹೊಡೆದ ಮೇಲೂ ಒಬ್ಬಳು ತಟ್ಟೆಯ ಮುಂದೆಯೇ ನಿಂತಿದ್ದಳು. ಯುವಿ ಬಿದ್ದ ಅರ್ಧದಲ್ಲಿ ಉಳಿದ ಚುಕ್ಕೆಗಳನ್ನು ಎಣಿಸುತ್ತಿದ್ದಳು. “ಸಾರ್, ಇವು ಸುಮ್ನೆ ಅದೃಷ್ಟದಿಂದ ಉಳಿದವಾ, ಇಲ್ಲ ಇವೇ ಗಟ್ಟಿನಾ?” ಅಂದಳು.

1944ರಲ್ಲಿ ಎವೆಲಿನ್ ವಿಟ್‌ಕಿನ್ ಎಂಬ ಇಪ್ಪತ್ತಮೂರು ವರ್ಷದ ಹುಡುಗಿಯ ಮುಂದಿದ್ದದ್ದೂ ಇದೇ ಪ್ರಶ್ನೆ. ಯುವಿ ಜಾಸ್ತಿ ತಿಂದೂ ಬದುಕುಳಿದ ಇ. ಕೋಲಿ ಚುಕ್ಕೆಗಳನ್ನು ತೆಗೆದು ಬೆಳೆಸಿ ಮತ್ತೆ ಯುವಿ ಕೊಟ್ಟಳು. ಅವು ಗಟ್ಟಿಯೇ ಆಗಿದ್ದವು, ಅವುಗಳ ಸಂತತಿಯೂ ಗಟ್ಟಿ. ಕಾರಣ ತಿಳಿಯಲು ದಶಕಗಳು ಹಿಡಿದವು: ಅವಳ ಮೂಲ ಬ್ಯಾಕ್ಟೀರಿಯಾದಲ್ಲಿ ಸುಲ್‌ಎ ಬ್ರೇಕನ್ನು ಬಿಡಿಸುವ ಕಿಣ್ವವೇ ಇರಲಿಲ್ಲ, ಒಮ್ಮೆ ಹಿಡಿದ ಬ್ರೇಕು ಬಿಡದೆ ಅವು ಶಾವಿಗೆಯಾಗಿ ಸಾಯುತ್ತಿದ್ದವು. ಉಳಿದವುಗಳಲ್ಲಿ ಬ್ರೇಕೇ ಕೆಟ್ಟಿತ್ತು.

ಇದನ್ನೆಲ್ಲ ಆ ಹುಡುಗಿಗೆ ಹೇಳಲಿಲ್ಲ. ಸ್ಪಿರಿಟ್ ದೀಪ ಹಚ್ಚಿ, ಸುಟ್ಟು ಆರಿಸಿದ ತಂತಿಯನ್ನು ಕೈಗೆ ಕೊಟ್ಟೆ. ಐದು ಚುಕ್ಕೆ ಆರಿಸಿ ಹೊಸ ತಟ್ಟೆಗೆ ಎಳೆದಳು. ಪಕ್ಕದಲ್ಲೇ, ಕಪ್ಪು ಕಾಗದದ ಕೆಳಗಿದ್ದ ಕಡೆಯಿಂದಲೂ ಐದು ಗೆರೆ. ಹೋಲಿಕೆಗೆ ಬೇಕಲ್ಲ, ಅದನ್ನು ಅವಳೇ ಕೇಳಿದಳು. ತಟ್ಟೆಯನ್ನು ಪೆಟ್ಟಿಗೆಯೊಳಗಿಟ್ಟು ದೀಪ ಹಾಕುವ ಮೊದಲು ಒಂದು ಸಲ ನನ್ನ ಮುಖ ನೋಡಿ, ಮುಚ್ಚಳ ತೆಗೆದಳು.